ಡಾಲ್ಫಿನ್ ಮಲಗುವುದಿಲ್ಲ

ಕೆ.ಆರ್. ಪೇಟೆಯ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಬಂದು ಕೂತ ಮನುಷ್ಯ, ಬಸ್ಸು ಊರು ದಾಟುವ ಮೊದಲೇ ಚಲುವರಾಜುವಿನ ಭುಜದ ಮೇಲೆ ತಲೆ ಹಾಕಿ ನಿದ್ದೆ ಹೋಗಿದ್ದ. ಬಾಯಿ ಅರೆತೆರೆದಿತ್ತು. ಎಲೆಅಡಿಕೆಯ ಕೆಂಪು ಜೊಲ್ಲು ತುಟಿಯ ಕೊನೆಗೆ ಬಂದು ನಿಂತು, ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಇನ್ನೇನು ಬಿತ್ತು ಎನ್ನುವಂತೆ ಹಿಗ್ಗಿ ಮತ್ತೆ ಒಳಗೆ ಹೋಗುತ್ತಿತ್ತು. ಚಲುವರಾಜು ತೊಟ್ಟಿದ್ದು ಬಿಳಿ ಶರಟು, ಮಾವನ ಮನೆಗೆ ಹೋಗಲೆಂದು ಇಸ್ತ್ರಿ ಮಾಡಿಸಿದ್ದು. ಭುಜವನ್ನು ಒಂದಿಷ್ಟು ಕೊಡವಿದರೆ ಸಾಕಿತ್ತು. ‘ಯಜಮಾನ್ರೇ’ ಅಂದರೂ ಸಾಕಿತ್ತು. ಅನ್ನಲಿಲ್ಲ. ಅನ್ನದಿರುವುದಕ್ಕೆ ಕಾರಣವಾಗಿ ಅವನು ಮನಸ್ಸಿನಲ್ಲೇ ಒಂದು ಕರುಣೆಯನ್ನು ತಯಾರಿಸಿಕೊಂಡ: ಪಾಪ, ರಾತ್ರಿಯೆಲ್ಲ ಗದ್ದೆಗೆ ನೀರು ಕಟ್ಟಿರಬೇಕು. ಆ ಕರುಣೆಯನ್ನು ತಾನೇ ನಂಬುತ್ತಿಲ್ಲವೆಂಬುದೂ ಗೊತ್ತಾಯಿತು. ನಂಬದಿರುವುದನ್ನು ಕಂಡುಹಿಡಿದ ತನ್ನ ಬುದ್ಧಿಯ ಬಗ್ಗೆ ಸಣ್ಣಗೆ ಹೆಮ್ಮೆಯಾಯಿತು. ಹೀಗೆ ತನ್ನನ್ನು ತಾನು ಹಿಡಿದುಹಾಕುವುದರಲ್ಲಿ ಅವನು ನಿಸ್ಸೀಮ. ಹಿಡಿದ ಮೇಲೆ ಏನು ಮಾಡಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

ಅವನ ಬಾಯಲ್ಲಿ ಒಂದು ಮಾತಿತ್ತು. ನಾಗಮಂಗಲದಲ್ಲಿ ಬಸ್ಸು ಹತ್ತಿದಾಗಿನಿಂದ ಅದನ್ನು ಮಾತ್ರೆಯ ಹಾಗೆ ನಾಲಿಗೆಯ ಕೆಳಗೆ ಇಟ್ಟುಕೊಂಡು ಬಂದಿದ್ದ. ‘ಅತ್ತೆ, ಆ ವಿಡಿಯೋದಲ್ಲಿ ನಾನು ಹೇಳಿದ್ದು ತಪ್ಪು. ತಾಯಿ ಡಾಲ್ಫಿನ್ ಮಲಗುತ್ತೆ. ಮಮತನ್ನ ಹಗಲು ಹೊತ್ತು ಮಲಗೋಕೆ ಬಿಡಿ.’ ಇಷ್ಟೇ. ಇಷ್ಟನ್ನು ಅತ್ತೆ ಬೀರಮ್ಮನ ಮುಂದೆ ಹೇಳುವುದಕ್ಕಾಗಿ ಅಂಗಡಿ ಮುಚ್ಚಿ ಹೊರಟಿದ್ದ. ಬಾಣಂತನಕ್ಕೆ ತವರಿನಲ್ಲಿದ್ದ ಹೆಂಡತಿ ಮಮತ ಮೊನ್ನೆ ಫೋನಿನಲ್ಲಿ ಅತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು. ‘ರೀ, ಗ್ವಾಡೆ ಉಸ್ರಾಡ್ತಾ ಅದೆ ಕಣ್ರೀ’ ಎಂದಿದ್ದಳು, ಸೊಪ್ಪಿನ ಬೆಲೆ ಹೇಳುವ ದನಿಯಲ್ಲಿ. ಆಮೇಲೆ, ‘ನೀವು ಬಂದು ಒಂದು ಮಾತು ಹೇಳಿ. ನಿಮ್ ಮಾತು ಕೇಳ್ತಾಳೆ ಅವ್ವ. ಈಗ ನಿಮ್ ಮಾತ್ ಒಂದೇ ಕೇಳೋದು.’

ಆ ಮನೆಯಲ್ಲಿ ಬಾಣಂತಿ ಹಗಲು ಮಲಗಕೂಡದು. ಎಣ್ಣೆನೀರು ಹಾಕಿಸಿಕೊಂಡು, ಮೆಣಸಿನ ಸಾರಿನಲ್ಲಿ ಉಂಡು, ಕಣ್ಣು ಮುಚ್ಚಿದರೆ ಮೈಗೆ ನಂಜು ಏರುತ್ತದೆ, ಮುಖ ಊದುತ್ತದೆ, ಸನ್ನಿ ಹಿಡಿಯುತ್ತದೆ. ಅದಕ್ಕೆ ಉಂಡ ಮೇಲೆ ಹೊತ್ತು ಇಳಿಯುವ ತನಕ ಯಾರಾದರೊಬ್ಬರು ಪಕ್ಕದಲ್ಲಿ ಕೂತು ಅವಳನ್ನು ಮಾತಾಡಿಸುತ್ತಿರಬೇಕು. ರಾತ್ರಿ ಹೇಗೂ ಮಗು ಮಲಗಲು ಬಿಡುವುದಿಲ್ಲ. ಇದು ಹಳೆಯ ಪದ್ಧತಿಯೇ. ಆದರೆ ಹಳೆಯ ಪದ್ಧತಿಯಲ್ಲಿ ಸಂದುಗಳಿರುತ್ತಿದ್ದವು. ಕಾಯಲು ಕೂತವಳೂ ತೂಕಡಿಸುತ್ತಿದ್ದಳು, ಬಾಣಂತಿಯೂ ಗೋಡೆಗೊರಗಿ ಒಂದು ಜೊಂಪು ಕದಿಯುತ್ತಿದ್ದಳು, ಯಾರೂ ನೋಡಿಯೂ ನೋಡದ ಹಾಗೆ. ಚಲುವರಾಜುವಿನ ವಿಡಿಯೋ ಬಂದ ಮೇಲೆ ಆ ಸಂದುಗಳೆಲ್ಲ ಮುಚ್ಚಿಕೊಂಡವು.

ನಾಗಮಂಗಲದಲ್ಲಿ ತಾಲ್ಲೂಕು ಕಚೇರಿಯ ಹತ್ತಿರ ಅವನದು ಜೆರಾಕ್ಸ್ ಅಂಗಡಿ. ಹಿಂದಿನ ಕೋಣೆಯಲ್ಲಿ ಕಾಗದದ ಕಟ್ಟುಗಳ ನಡುವೆ ಕೂತು, ಪ್ರಾಣಿಗಳ ಬಗ್ಗೆ ಓದಿದ್ದನ್ನು ಕನ್ನಡದಲ್ಲಿ ಹೇಳಿ ಯೂಟ್ಯೂಬಿಗೆ ಹಾಕುತ್ತಿದ್ದ. ಸಮುದ್ರವನ್ನು ಅವನು ನೋಡಿದ್ದು ಒಮ್ಮೆ ಮಾತ್ರ, ಹೈಸ್ಕೂಲಿನ ಟೂರಿನಲ್ಲಿ, ವಾಂತಿ ಮಾಡಲು ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿದಾಗ. ಸಮುದ್ರದ ಪ್ರಾಣಿಗಳು ಹೇಗೆ ಮಲಗುತ್ತವೆ ಎಂಬ ವಿಡಿಯೋದಲ್ಲಿ ಅವನು ಎಲ್ಲವನ್ನೂ ಸರಿಯಾಗಿಯೇ ಹೇಳಿದ್ದ: ತುಪ್ಪಳದ ಸೀಲ್ ನೀರಿನ ಮೇಲೆ ಮಗ್ಗುಲಾಗಿ ತೇಲುತ್ತ ಅರ್ಧ ಮೆದುಳನ್ನು ಮಾತ್ರ ಮಲಗಿಸುತ್ತದೆ, ಉಳಿದರ್ಧ ಒಂದು ರೆಕ್ಕೆಗಾಲನ್ನು ಆಡಿಸುತ್ತಿರುತ್ತದೆ, ದಡಕ್ಕೆ ಬಂದರಷ್ಟೇ ಪೂರ್ತಿ ಮಲಗುತ್ತದೆ, ಕೆಲವು ದೊಡ್ಡ ತಿಮಿಂಗಿಲಗಳು ನೀರಿನೊಳಗೆ ಕಂಬಗಳ ಹಾಗೆ ನೆಟ್ಟಗೆ ನಿಂತು ಮಲಗುತ್ತವೆ. ಕೊನೆಯಲ್ಲಿ ಒಂದು ಪೆಟ್ಟು ಬೇಕಿತ್ತು. ಹಿನ್ನೆಲೆಗೆ ಕೊಳಲಿನ ನಾದ ಹಾಕಿ ದನಿ ತಗ್ಗಿಸಿ ಹೇಳಿದ: ‘ಹೆತ್ತ ತಾಯಿ ಡಾಲ್ಫಿನ್ ಒಂದು ತಿಂಗಳು ಮಲಗುವುದಿಲ್ಲ. ಅದಕ್ಕೆ ಬೇಸರವಿಲ್ಲ, ದೂರಿಲ್ಲ. ತಾಯಿ ಅಂದರೆ ಇದು, ಗೆಳೆಯರೇ.’ ಹಿಂದಿನ ವಿಡಿಯೋಗಳನ್ನೆಲ್ಲ ಸೇರಿಸಿದರೂ ಇರದಷ್ಟು ಜನ ಅದನ್ನು ನೋಡಿದರು. ಮಾರನೆಯ ದಿನ ಯಾರೋ ಕೆಳಗೆ ಬರೆದಿದ್ದರು: ‘ಸಾರ್, ಇದನ್ನು ಆಮೇಲೆ ಬೇರೆಯವರು ಪರೀಕ್ಷಿಸಿದ್ದಾರೆ. ತಾಯಿ ಈಜುತ್ತಲೇ ಮಲಗುತ್ತೆ, ಅರ್ಧ ಮೆದುಳಿನಿಂದ, ಒಂದು ಕಣ್ಣು ಮುಚ್ಚಿ. ದಯವಿಟ್ಟು ತಿದ್ದಿ.’ ಹುಡುಕಿ ನೋಡಿದ. ಆ ಮನುಷ್ಯ ಹೇಳಿದ್ದು ನಿಜವಾಗಿತ್ತು. ಆ ಕಾಮೆಂಟನ್ನು ಅಳಿಸಿಹಾಕಿದ. ಆ ರಾತ್ರಿ ಊಟ ಬಡಿಸುತ್ತಿದ್ದ ತುಂಬು ಬಸುರಿ ಮಮತಳಿಗೆ ಅದನ್ನೊಂದು ತಮಾಷೆಯ ಹಾಗೆ ಹೇಳಿದ್ದ. ಅವಳೂ ಊದಿದ ಪಾದಗಳನ್ನು ನೋಡಿಕೊಳ್ಳುತ್ತ ನಕ್ಕಿದ್ದಳು.

ಅಕ್ಕಿಹೆಬ್ಬಾಳು ಬಂತು. ಇಳಿಯಬೇಕಾದರೆ ಈ ಮನುಷ್ಯನನ್ನು ಎಬ್ಬಿಸಬೇಕು. ಚಲುವರಾಜು ಅರ್ಧ ಎದ್ದ; ತಲೆ ಭುಜದಿಂದ ಜಾರಿ ಎದೆಗೆ ಬಂತು; ಮತ್ತೆ ಕೂತ. ಕಂಡಕ್ಟರ್ ಸೀಟಿ ಊದಿದ. ಊರು ಕಿಟಕಿಯಲ್ಲಿ ಹಿಂದಕ್ಕೆ ಸರಿಯಿತು. ಮುಂದಿನ ನಿಲ್ದಾಣದಲ್ಲಿ ಮನುಷ್ಯ ತಾನಾಗಿ ಕಣ್ಣು ಬಿಟ್ಟ.

‘ಇದ್ಯಾವೂರ್ಲಾ?’

‘ಅಕ್ಕಿಹೆಬ್ಬಾಳು ಹಿಂದಕ್ಕೆ ಹೋಯ್ತು.’

‘ಅಯ್ಯೋ ನಿನ್ ಮನೆ ಕಾಯ್ವಾಗ! ನಾನ್ ಅಲ್ಲೇ ಇಳೀಬೇಕಿತ್ತು ಕಣಯ್ಯ. ಪಕ್ಕದಾಗೆ ಕಲ್ಲುಕಂಬ ನೆಟ್ಟಂಗೆ ಕೂತಿದ್ದೀಯಲ್ಲ, ಎಬ್ಬುಸ್ಬಾರ್ದಾ?’

‘ನೀವು ಮಲಗಿದ್ರಿ...’

‘ಮಲಗಿದ್ರೇ ಅಲ್ವೇನ್ಲಾ ಎಬ್ಬ್ಸೋದು? ಎದ್ದಿರೋರ್ನ ಯಾವನಾರ ಎಬ್ಬುಸ್ತಾನಾ?’

ಬಸ್ಸಿನವರೆಲ್ಲ ನಕ್ಕರು. ಹಿಂದಿನ ಸೀಟಿನ ಹೆಂಗಸೊಬ್ಬಳು ನಗುವಿನ ನಡುವೆ ಬಗ್ಗಿ ಅವನ ಮುಖವನ್ನೂ ನೋಡಿದಳು. ತಾನೂ ಅಲ್ಲೇ ಇಳಿಯಬೇಕಿತ್ತೆಂದು ಚಲುವರಾಜು ಹೇಳಲಿಲ್ಲ. ಇಬ್ಬರೂ ಇಳಿದರು, ಆ ಮನುಷ್ಯ ಬಯ್ಯುತ್ತ ಅಕ್ಕಿಹೆಬ್ಬಾಳಿನ ದಾರಿ ಹಿಡಿದ, ಚಲುವರಾಜು ಮೂತ್ರಕ್ಕೆ ನಿಂತವನ ಹಾಗೆ ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತು, ಬೈಗುಳ ದೂರವಾಗಲೆಂದು ಕಾದು, ಆಮೇಲೆ ತಾನೂ ಅತ್ತಲೇ ನಡೆದ. ಭುಜದ ಮೇಲೆ ಕೆಂಪು ಕಲೆ ಬಿದ್ದಿತ್ತು. ಹೇಮಾವತಿಯ ಕಡೆಯಿಂದ ಗಾಳಿ ಬರುತ್ತಿತ್ತು. ಮಾತು ಇನ್ನೂ ನಾಲಿಗೆಯ ಕೆಳಗೇ ಇತ್ತು, ಆದರೆ ಅದರ ಅಂಚು ಸ್ವಲ್ಪ ಕರಗಿತ್ತು.

ಬೀರಮ್ಮ ಮೊದಲಿನಿಂದಲೂ ಅವನ ಮಾತಿಗೆ ಇಷ್ಟು ಬೆಲೆ ಕೊಡುತ್ತಿರಲಿಲ್ಲ. ಮದುವೆಯಾದ ವರ್ಷದ ಯುಗಾದಿಗೆ ಇಬ್ಬರು ಅಳಿಯಂದಿರೂ ಬಂದಿದ್ದಾಗ ಕುರ್ಚಿಯಿದ್ದದ್ದು ಒಂದೇ. ಅದು ಪಾಂಡವಪುರದಲ್ಲಿ ಸರ್ಕಾರಿ ಮೇಷ್ಟ್ರಾಗಿದ್ದ ದೊಡ್ಡಳಿಯನಿಗೆ ಹೋಯಿತು. ಚಲುವರಾಜುವಿಗೆ ಹಾಲು ಕರೆಯುವ ಮಣೆ ಬಂತು. ಅದರ ಮೇಲೆ ಒಣಗಿದ ಸಗಣಿಯ ಚೂರಿತ್ತು. ನೆಂಟರಿಗೆ ಪರಿಚಯಿಸುವಾಗ, ‘ಇವ್ರು ನಮ್ ಪಾಂಡಪುರದ ಮೇಷ್ಟ್ರು’ ಎಂದು ಹೇಳಿ, ಉಸಿರು ಬದಲಿಸಿ, ‘ಇವ್ರೂ ಒಂದು ಅಂಗಡಿ ಮಡಗವ್ರೆ’ ಎಂದಿದ್ದಳು. ಆ ‘ಇವ್ರೂ’ ಎಂಬುದರ ಮೇಲೆ ಅವನು ಎಷ್ಟೋ ರಾತ್ರಿ ಮಲಗಿ ಎದ್ದಿದ್ದ. ಈಗ ಅವನು ಹಟ್ಟಿಯ ಬಾಗಿಲಿಗೆ ಬರುವ ಮೊದಲೇ ಒಳಗಿನಿಂದ ಅವಳ ಗಂಟಲು ಕೇಳಿಸಿತು.

‘ಬನ್ನಿ ಬನ್ನಿ ಅಳಿಯಂದ್ರೇ. ರೀ, ಕುರ್ಚಿ ಹಾಕ್ರೀ. ಶಲ್ಟಿಗೆ ಇದೇನು, ಏಟು ಬಿತ್ತಾ?’

‘ಇಲ್ಲ ಅತ್ತೆ, ಬಸ್ಸಲ್ಲಿ ಯಾರೋ...’

‘ಬುಚ್ಚಿ ಕೊಡಿ, ಒಗ್ದಾಕ್ತೀನಿ. ಮಾದಮ್ಮಾ, ನೋಡ್ಬಾ, ಡಾಲ್ಫಿನ್ ಹೇಳ್ದೋರು ಬಂದವ್ರೆ!’

ಮಾವ ಚಿಕ್ಕಸಿದ್ದಯ್ಯ ಮಾತಿಲ್ಲದೆ ಕುರ್ಚಿ ತಂದು, ಟವೆಲಿನಿಂದ ಒರೆಸಿ ಹಾಕಿದ. ಬಚ್ಚಲಮನೆಯ ಬಾಗಿಲ ಸಂದಿಯಿಂದ ಹಬೆ ಬರುತ್ತಿತ್ತು. ಬಾಣಂತಿಗೆ ನೀರು ಹಾಕಲು ಬರುವ ಮಾದಮ್ಮ ಹಂಡೆಯಿಂದ ಮೊಗೆದು ಮೊಗೆದು ಎತ್ತರದಿಂದ ಸುರಿಯುವ ಸದ್ದು. ಪ್ರತಿ ಚೊಂಬಿಗೂ ಒಂದು ಉಸಿರು ಒಳಗೆಳೆದುಕೊಳ್ಳುವ ಸದ್ದು, ಅದು ಮಮತಳದು. ಸ್ವಲ್ಪ ಹೊತ್ತಿಗೆ ಅವಳು ಹೊರಬಂದಳು. ತಲೆಗೆ ಬಟ್ಟೆ ಬಿಗಿದಿತ್ತು, ಕಿವಿಗೆ ಹತ್ತಿ, ಹೊಟ್ಟೆಗೆ ಹಳೆ ಸೀರೆಯ ಸುತ್ತು, ಮೈ ಬೆಂದ ಗೆಣಸಿನ ಬಣ್ಣಕ್ಕೆ ತಿರುಗಿತ್ತು. ಅವಳ ಕಣ್ಣು ಅವನ ಮೇಲೆ ಬಂದು ನಿಂತಿತು, ಆದರೆ ನೋಡಲಿಲ್ಲ. ಬಾಗಿಲ ಮೇಲೆ ಕೈಯಿಟ್ಟವರು ತಳ್ಳುವುದನ್ನು ಮರೆತ ಹಾಗೆ. ಆಮೇಲೆ ಯಾವುದೋ ದೂರದಿಂದ ಗುರುತು ಹತ್ತಿ, ಹುಬ್ಬು ಒಂದಿಷ್ಟು ಮೇಲೆದ್ದಿತು. ಹೇಳಿದ್ರಾ? ಅವನು ಕಣ್ಣಲ್ಲೇ ಹೇಳಿದ: ಈಗ ತಾನೇ ಬಂದೆ.

ಊಟಕ್ಕೆ ನಾಟಿಕೋಳಿ ಸಾರು, ಮುದ್ದೆ. ಹಜಾರದಲ್ಲಿ ಅವನಿಗೂ ಮಾವನಿಗೂ ಬಡಿಸಿ ಬೀರಮ್ಮ ಎದುರಿಗೆ ಕೂತಳು. ಮಾದಮ್ಮ ಕಂಬಕ್ಕೊರಗಿ ತನ್ನ ಪಾಲಿನ ತಟ್ಟೆ ಹಿಡಿದಿದ್ದಳು. ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ಸಾಂಬ್ರಾಣಿಯ ಹೊಗೆಯಲ್ಲಿ ಮಮತ ಮಂಚದ ಮೇಲೆ ಗೋಡೆಗೊರಗದ ಹಾಗೆ ಕೂತಿದ್ದಳು.

‘ಅದೇ ಆ ಮೀನು,’ ಎಂದಳು ಮಾದಮ್ಮ, ‘ಮೊಟ್ಟೆ ಇಕ್ಕಾಕಿಲ್ವಾ?’

‘ಮೀನಲ್ಲ ಕಣೇ, ಮಳ್ಳಿ. ಮರಿ ಹಾಕ್ತದೆ, ಮೊಲೆ ಉಣ್ಸ್ತದೆ. ಅಳಿಯಂದ್ರು ಬಿಡಿಸಿ ಬಿಡಿಸಿ ಹೇಳವ್ರೆ.’

‘ಅಂಗಾದ್ರೆ ಬಾಣ್ತನಕ್ಕೆ ನೀರ್ ಯಾರು ಹಾಕೋರು ಅದುಕ್ಕೆ?’

‘ನೀರ್ನಾಗೇ ಇರ್ತದಲ್ಲೇ!’

ಚಿಕ್ಕಸಿದ್ದಯ್ಯನಿಗೂ ನಗು ಬಂದು ಸಾರು ನೆತ್ತಿಗೇರಿತು. ‘ಸೀಲು ಅಂದ್ರಲ್ಲ, ಅದು ನಮ್ ಹೊಳೆ ನೀರ್ನಾಯಿ ಥರಾನಾ?’ ಎಂದು ಅವನೂ ಕೇಳಿದ. ಈ ಮನೆಯಲ್ಲಿ ಚಿಕ್ಕಳಿಯನನ್ನು ಯಾರೂ ಯಾವತ್ತೂ ಏನನ್ನೂ ಕೇಳಿರಲಿಲ್ಲ. ಚಲುವರಾಜು ಹೇಳಿದ, ಕೈಯಲ್ಲಿ ಮುದ್ದೆಯ ತುತ್ತು ಹಿಡಿದುಕೊಂಡೇ ಹೇಳಿದ, ಆನೆಸೀಲ್ ಎಂಬುದು ಎಷ್ಟು ದೊಡ್ಡದು, ಎಮ್ಮೆಗಳನ್ನು ಒಂದರ ಪಕ್ಕ ಒಂದು ಕಟ್ಟಿದರೂ ಸಾಲದು ಎಂದು. ಹೇಳುತ್ತ ಹೇಳುತ್ತ ತನ್ನ ದನಿ ವಿಡಿಯೋದ ದನಿಯಾಗುವುದು ಅವನಿಗೇ ಕೇಳಿಸಿತು. ಕೋಣೆಯ ಹೊಗೆಯೊಳಗಿನಿಂದ ಅವಳು ನೋಡುತ್ತಿದ್ದಾಳೆಂದು ಕತ್ತಿನ ಹಿಂಭಾಗಕ್ಕೆ ಗೊತ್ತಾಗುತ್ತಿತ್ತು. ಈಗ. ಈಗಲೇ.

‘ಅತ್ತೆ, ಆ ಡಾಲ್ಫಿನ್ ವಿಚಾರ...’

‘ಇರ್ರೀ, ಇರ್ರೀ,’ ಎಂದು ಬೀರಮ್ಮ ಎಲ್ಲರ ಕಡೆ ಅಂಗೈ ತೋರಿಸಿದಳು. ‘ಅಳಿಯಂದ್ರು ಹೇಳ್ತಾವ್ರೆ.’

ಮೌನವಾಯಿತು. ಮಾವ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ಮಾದಮ್ಮನ ದವಡೆ ನಿಂತಿತು. ತನಗಾಗಿ ಇಂಥದೊಂದು ಮೌನವನ್ನು ಜಗತ್ತು ಎಲ್ಲಿಯೂ ಮಾಡಿಕೊಟ್ಟಿರಲಿಲ್ಲ. ಜೆರಾಕ್ಸ್ ಯಂತ್ರದ ಮುಂದೆ ಜನ ಅವನ ತಲೆಯ ಮೇಲಿನಿಂದಲೇ ಮಾತಾಡುತ್ತಿದ್ದರು. ಆ ಮೌನದ ಬಾಯಿಗೆ ‘ನಾನು ಹೇಳಿದ್ದು ತಪ್ಪು’ ಎಂಬುದನ್ನು ಹಾಕಬೇಕಿತ್ತು. ನಾಲಿಗೆಯ ಕೆಳಗೆ ಹುಡುಕಿದ. ಸಿಕ್ಕಿದ್ದು ಬೇರೆಯಾಗಿತ್ತು.

‘ತಾಯಿ ಮಲಗಿದ್ರೆ ಮರಿ ಮುಳುಗಿ ಹೋಗುತ್ತೆ ಅತ್ತೆ. ತಾಯಿ ಮುಂದೆ ಈಜ್ತಾ ಇದ್ರೇನೇ ಆ ನೀರಿನ ಸೆಳೆತದಲ್ಲಿ ಮರಿ ಹಿಂದೆ ಬರೋದು. ತಾಯಿ ಒಂದು ಗಳಿಗೆ ನಿಂತ್ರೆ, ಮರಿ ಹೋಯ್ತು.’

‘ಅವ್ವಯ್ಯೋ,’ ಎಂದಳು ಮಾದಮ್ಮ, ಎದೆಯ ಮೇಲೆ ಎಂಜಲು ಕೈಯಿಟ್ಟುಕೊಂಡು.

ಬೀರಮ್ಮ ಕೋಣೆಯ ಕಡೆ ತಿರುಗಿದಳು. ‘ಕೇಳ್ದೇನಮ್ಮಿ ಮಮ್ತಾ?’

‘ಕೇಳ್ದೆ ಕಣವ್ವ.’

ಅದರಲ್ಲಿ ಅರ್ಧ ನಿಜವಿತ್ತು, ಎಂದು ಅವನು ಕೈ ತೊಳೆಯುತ್ತ ತನಗೆ ಹೇಳಿಕೊಂಡ. ಮರಿ ತಾಯಿಯ ಮಗ್ಗುಲಲ್ಲೇ ಜಾರಿಕೊಂಡು ಬರುವುದು ನಿಜ. ಅಂಥ ಅರ್ಧ ನಿಜಗಳಿಂದಲೇ ಅಲ್ಲವೇ ಮನುಷ್ಯರು ಬದುಕುವುದು ಎಂದೂ ಹೇಳಿಕೊಂಡ. ಇದನ್ನು ಯಾವುದೋ ಅನುವಾದದ ಕಾದಂಬರಿಯಲ್ಲಿ ಓದಿದ್ದಿರಬೇಕು. ಬೀರಮ್ಮ ಅವನಿಗೆ ಟವೆಲು ಕೊಟ್ಟಳು. ‘ಇವತ್ತು ನೀವೇ ಕೂತ್ಕಂಡು ಮಾತಾಡುಸ್ತಿರಿ. ನಾನೂ ನಿಮ್ ಮಾವ್ನೂ ದನಕ್ಕೆ ಹುಲ್ಲು ತತ್ತೀವಿ. ಕಣ್ಣು ಮುಚ್ಚಕ್ಕೆ ಬುಡ್ಬೇಡಿ. ನಿಮ್ಗೆ ನಾನ್ ಹೇಳ್ಬೇಕಾ!’

ಕೋಣೆಯ ಕಿಟಕಿಗೆ ಗೋಣಿತಾಟು ತುರುಕಿದ್ದರು. ದಿಂಬಿನ ಪಕ್ಕ ಕುಡುಗೋಲು, ಬೇವಿನ ಕಡ್ಡಿ. ಮಗು ಬಟ್ಟೆಯ ಗಂಟಿನ ಹಾಗೆ ಮಲಗಿತ್ತು, ಎಲ್ಲರಿಗಾಗಿ ತಾನೊಂದೇ ಮಲಗುವ ಜವಾಬ್ದಾರಿ ಹೊತ್ತ ಹಾಗೆ. ಅವನು ಸ್ಟೂಲಿನ ಮೇಲೆ ಕೂತ.

‘ಚೆನ್ನಾಗಿ ಹೇಳಿದ್ರಿ,’ ಎಂದಳು ಮಮತ.

‘ಮಾದಮ್ಮ ಇದ್ಲು. ಎಲ್ಲರ ಮುಂದೆ ಬೇಡ ಅಂತ... ಸಂಜೆ ಹೇಳ್ತೀನಿ.’

‘ಹೂಂ.’

ಅವಳು ಬಯ್ಯಲಿಲ್ಲ. ಬಯ್ಯುವುದಕ್ಕೂ ಮನುಷ್ಯರಿಗೆ ಒಂದಿಷ್ಟು ನಿದ್ದೆಯಾಗಿರಬೇಕು. ಗೋಡೆಯನ್ನೇ ನೋಡುತ್ತಿದ್ದಳು; ಅದು ಉಸಿರಾಡುವುದನ್ನು ಲೆಕ್ಕ ಹಾಕುತ್ತಿದ್ದಾಳೇನೋ ಅನ್ನಿಸಿ ಅವನಿಗೂ ಗೋಡೆಯನ್ನು ನೋಡಬೇಕೆನ್ನಿಸಿತು, ನೋಡಲಿಲ್ಲ.

‘ನಿನ್ನೆ ಮಗೀನ ಎತ್ಕಂಡು ಬಚ್ಚಲಿಗೆ ಹೋಗಿದ್ದೆ ಕಣ್ರೀ. ಹಂಡೆ ಮುಂದೆ ನಿಂತಿದ್ದೆ. ನೀರು ಮರಳ್ತಾ ಇತ್ತು.’

‘ಯಾಕೆ?’

‘ಗೊತ್ತಿಲ್ಲ. ಅವ್ವ ಕೂಗ್ದಾಗ್ಲೇ ಗೊತ್ತಾಗಿದ್ದು, ಅಲ್ಲಿ ನಿಂತಿದೀನಿ ಅಂತ.’

ಅವನಿಗೆ ಅರ್ಥವಾಯಿತು. ಅರ್ಥವಾದದ್ದನ್ನು ಅವನು ಅವಸರದಿಂದ ಬೇರೆ ಮಾಡಿದ: ನಿದ್ದೆಗಣ್ಣಲ್ಲಿ ಜನ ಎಲ್ಲೆಲ್ಲೋ ಹೋಗಿ ನಿಲ್ಲುತ್ತಾರೆ, ತನ್ನ ಅಪ್ಪನೂ ಒಮ್ಮೆ ಹೀಗೆ ಬಾವಿಯ ಹತ್ತಿರ ಹೋಗಿದ್ದನಂತೆ. ‘ಅದನ್ನ ಯಾರ ಹತ್ರನೂ ಹೇಳ್ಬೇಡ’ ಎಂದ. ಅವಳು ಮೊದಲ ಸಲ ಅವನನ್ನು ನೇರ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣಿನ ಕಪ್ಪು ಮೇಲಕ್ಕೆ ತೇಲಿ ಬಿಳಿ ಮಾತ್ರ ಉಳಿಯಿತು. ಬೆಚ್ಚಿ ಮತ್ತೆ ಇಳಿಸಿಕೊಂಡಳು.

‘ವಸಿ ಹೊತ್ತು ಮಲಗ್ತೀನಿ. ಮಗೀನ್ ನೋಡ್ಕಳಿ. ಅವ್ವ ಬಂದ್ರೆ, ನಾನೇ ಮಲಗ್ಸ್ದೆ ಅನ್ನಿ. ಇನ್ನೇನೂ ಹೇಳ್ಬ್ಯಾಡಿ. ಅಷ್ಟಂದ್ರೆ ಸಾಕು. ಅಂತೀರಾ?’

‘ಮಲಕ್ಕೋ. ನಾನಿದೀನಲ್ಲ.’

ಅವಳು ಮಲಗಿದಳೆನ್ನುವುದಕ್ಕಿಂತ ಬಿಟ್ಟಳು. ಹಿಡಿದುಕೊಂಡಿದ್ದ ಯಾವುದನ್ನೋ ಒಮ್ಮೆಗೇ ಬಿಟ್ಟಳು. ಮಗ್ಗುಲಾಗಲು ಹೊರಟ ಮೈ ಅರ್ಧದಲ್ಲೇ ಮರೆತು, ಒಂದು ಕೈ ಕೆಳಗೆ ಸಿಕ್ಕಿಕೊಂಡು, ಬಾಯಿ ದಿಂಬಿಗೆ ಒತ್ತಿಕೊಂಡು ಬಿದ್ದಳು. ಆನೆಸೀಲ್ ನೀರಿನ ಮೇಲೆ ಮಲಗುವುದಿಲ್ಲ, ಎಂದು ಅವನೇ ವಿಡಿಯೋದಲ್ಲಿ ಎಲ್ಲರಿಗೂ ಹೇಳಿದ್ದ, ಮೇಲೆ ಶಾರ್ಕುಗಳಿರುತ್ತವೆ, ಅದು ಉಸಿರು ಕಟ್ಟಿ ಕೆಳಕ್ಕೆ, ಬೆಳಕಿಲ್ಲದಲ್ಲಿಗೆ ಇಳಿಯುತ್ತದೆ, ಇಳಿಯುತ್ತ ನಿದ್ದೆ ಹೋಗುತ್ತದೆ, ಆಗ ಅದರ ಮೈ ಹೊಟ್ಟೆ ಮೇಲಾಗಿ ಮಗುಚಿ, ಮರದಿಂದ ಬಿಟ್ಟ ಎಲೆಯ ಹಾಗೆ ಸುತ್ತುತ್ತ ಸುತ್ತುತ್ತ ಮುಳುಗುತ್ತದೆ, ಕೆಲವು ನಿಮಿಷ ಅದು ಯಾರೂ ಅಲ್ಲ, ಯಾರ ತಾಯಿಯೂ ಅಲ್ಲ. ಈ ಕೊನೆಯದು ವಿಡಿಯೋದಲ್ಲಿರಲಿಲ್ಲ, ಈಗ ಹೊಳೆದದ್ದು. ಚೆನ್ನಾಗಿದೆ ಅನ್ನಿಸಿತು. ಮಗುವನ್ನು ತೊಡೆಯ ಮೇಲೆ ಎತ್ತಿಕೊಂಡ. ಮಮತಳ ಬೆನ್ನು ಏರಿಳಿಯುವುದನ್ನು ನೋಡುತ್ತ ಕೂತ. ತಾನು ಅವಳನ್ನು ಪ್ರೀತಿಸುತ್ತೇನೆಂದು ಸ್ಪಷ್ಟವಾಗಿ ಗೊತ್ತಾಯಿತು. ಮಲಗಿದವರನ್ನು ಪ್ರೀತಿಸುವುದು ಎಷ್ಟು ಸುಲಭ. ಬೀರಮ್ಮ ಬರಲಿ. ಬಂದು ಬಾಗಿಲಲ್ಲಿ ನಿಲ್ಲಲಿ. ‘ನಾನೇ ಮಲಗಿಸಿದೆ ಅತ್ತೆ, ಹೆಣ್ಣುಮಗಳು ಸಾಯ್ತಾಳೆ’ ಎಂದು, ಕೂತಲ್ಲಿಂದ ಏಳದೆ, ದನಿ ಏರಿಸದೆ ಹೇಳುತ್ತೇನೆ. ಆ ದೃಶ್ಯವನ್ನು ಬೇರೆ ಬೇರೆ ಬಗೆಯಲ್ಲಿ ಆಡಿ ನೋಡಿದ. ಒಂದರಲ್ಲಿ ಬೀರಮ್ಮ ಅತ್ತಳು. ಇನ್ನೊಂದರಲ್ಲಿ ಅವನೇ ಬಾಗಿಲು ಹಾಕಿದ.

ಬೈಕಿನ ಸದ್ದು ಅಂಗಳದಲ್ಲಿ ನಿಂತಿತು. ಬೀರಮ್ಮನ ಗಂಟಲು: ‘ಬನ್ನಿ ಮೇಷ್ಟ್ರೇ, ಫೋನ್ ಮಾಡ್ದೆ ಬಂದ್ಬುಟ್ರಲ್ಲ. ಚಿಕ್ಕಳಿಯಂದ್ರೂ ಬಂದವ್ರೆ. ಒಳಗೆ ಬಾಣ್ತಿ ಕಾಯ್ತಾವ್ರೆ.’

‘ಓಹೋ, ಡಾಲ್ಫಿನ್ ಡ್ಯೂಟಿಯಾ?’ ಎಂದಿತು ಪಾಂಡವಪುರದ ದನಿ. ‘ನೋಡೋಣ ನಡೀರಿ, ಯಾರು ಮಲಗಿದಾರೆ ಯಾರು ಎದ್ದಿದಾರೆ ಅಂತ.’

ಹುಲ್ಲಿನ ಹೊರೆ ನೆಲಕ್ಕೆ ಬಿತ್ತು. ಚಪ್ಪಲಿಗಳು ಕಳಚಿದವು. ಮಮತಳನ್ನು ಅಲುಗಿಸಬಹುದಿತ್ತು, ಆದರೆ ಹಾಗೆ ಮಾಡಿದರೆ ಮಾತು ತಪ್ಪಿದ್ದು ಅವಳಿಗೆ ತಿಳಿಯುತ್ತದೆ. ಅಲುಗಿಸದೆ ಕೂತರೆ ಆ ವಾಕ್ಯವನ್ನು ಮೇಷ್ಟ್ರ ಮುಂದೆ ಹೇಳಬೇಕಾಗುತ್ತದೆ. ಮೇಷ್ಟ್ರು ‘ಮತ್ತೆ ವಿಡಿಯೋದಲ್ಲಿ?’ ಎಂದು ನಗುತ್ತ ಕೇಳುತ್ತಾನೆ. ಇಷ್ಟನ್ನು ಯೋಚಿಸಿದ್ದು ಆಮೇಲೆ. ಕೈ ಅವನಿಗಿಂತ ಮೊದಲೇ ಹೋಗಿತ್ತು. ಬಟ್ಟೆಯೊಳಗೆ ಮಗುವಿನ ಪಾದ ಸಿಕ್ಕಿತು, ಬಿಸಿಯಾಗಿ, ಮುದ್ದೆಯ ತುತ್ತಿನಷ್ಟು ಮೆತ್ತಗೆ. ಅಂಗಾಲಿಗೆ ಹೆಬ್ಬೆರಳಿನ ಉಗುರನ್ನು ಒತ್ತಿದ. ಮಗುವಿನ ಬಾಯಿ ತೆರೆಯಿತು, ಸದ್ದು ಬರಲಿಲ್ಲ, ಮುಖ ನೇರಳೆಯಾಯಿತು. ಸಾಲದೇನೋ ಎಂದು ಇನ್ನಷ್ಟು ಒತ್ತಿದ. ಆಗ ಬಂತು.

ಮಮತ ಎದ್ದದ್ದು ಎಲ್ಲೋ ಆಳದಿಂದ ಯಾರೋ ಕೂದಲು ಹಿಡಿದು ಎಳೆದುಹಾಕಿದ ಹಾಗೆ. ಕಣ್ಣಿಗೆ ಇನ್ನೂ ಏನೂ ಕಾಣುವ ಮೊದಲೇ ಕೈ ಮಗುವನ್ನು ಕಸಿದಿತ್ತು, ಮೊಲೆ ಅದರ ಬಾಯಲ್ಲಿತ್ತು. ಕೆನ್ನೆಯ ಮೇಲೆ ದಿಂಬಿನ ಗೆರೆಗಳು. ಬಾಗಿಲಲ್ಲಿ ಬೀರಮ್ಮ, ಅವಳ ಹಿಂದೆ ಒಳಗೆ ಬಾರದೆ ನಿಂತು ಮುಗುಳ್ನಗುವ ಮೇಷ್ಟ್ರು.

‘ಎದ್ದವ್ಳಾ?’

‘ಎದ್ದೇ ಇದ್ಲು ಅತ್ತೆ,’ ಎಂದ ಚಲುವರಾಜು. ‘ಮಾತಾಡ್ತಾ ಇದ್ವಿ.’

‘ಭೇಷ್,’ ಎಂದು ಮೇಷ್ಟ್ರು ಹಜಾರಕ್ಕೆ ಹೋದ. ಹೊಸದಾಗಿ ತಂದ ಹಸುವನ್ನು ತೋರಿಸುತ್ತೇನೆಂದು ಮಾವ ಅವನನ್ನು ಕೊಟ್ಟಿಗೆಯ ಕಡೆ ಕರೆದೊಯ್ದ. ಮಗು ಕುಡಿಯುತ್ತ ಕುಡಿಯುತ್ತ ಮಧ್ಯೆ ಮಧ್ಯೆ ಬಿಕ್ಕುತ್ತಿತ್ತು, ಬಲಗಾಲನ್ನು ಮಾತ್ರ ಒದರುತ್ತಿತ್ತು. ಮಮತ ಬಟ್ಟೆ ಸರಿಸಿ ಆ ಕಾಲನ್ನು ಕೈಗೆ ತೆಗೆದುಕೊಂಡಳು. ಅಂಗಾಲಿನಲ್ಲಿ ಉಗುರಿನ ಕೆಂಪು ಗುರುತಿತ್ತು, ಒಂದರ ಮೇಲೊಂದು ಎರಡು. ಅವಳು ಅದನ್ನು ನೋಡಿದಳು. ಬಹಳ ಹೊತ್ತು ನೋಡಿದಳು, ಓದಲು ಕಲಿಯುವವರ ಹಾಗೆ. ಆಮೇಲೆ ಅವನ ಕೈಯನ್ನು ನೋಡಿದಳು. ಅವನು ಬೆರಳುಗಳನ್ನು ಮಡಿಸಿಕೊಂಡ. ಅವಳು ಮಗುವಿನ ಕಾಲನ್ನು ಸೆರಗಿನೊಳಗೆ ಮುಚ್ಚಿದಳು, ಅಷ್ಟೇ.

‘ನೀವು ದಣ್ದಿದೀರಿ, ಮಕ ನೋಡಿದ್ರೇ ಗೊತ್ತಾಯ್ತದೆ,’ ಎಂದಳು ಬೀರಮ್ಮ. ‘ಇನ್ನು ನಾನ್ ಕೂತ್ಕತೀನಿ. ಹೋಗಿ ವಸಿ ಒರಗ್ಕಳಿ.’ ಹಜಾರದಲ್ಲಿ ಚಾಪೆಯ ಮೇಲೆ ಕಂಬಳಿ, ಅದರ ಮೇಲೆ ಒಗೆದ ದುಪ್ಪಟಿ ಹಾಸಿ, ದಿಂಬನ್ನು ಎರಡು ಸಲ ತಟ್ಟಿ ಇಟ್ಟಳು. ಅವನು ಮಲಗಿದ. ನಿದ್ದೆ ಬರುವುದಿಲ್ಲವೆಂದು ಖಚಿತವಿತ್ತು. ಇಂಥ ಕೆಲಸದ ಮೇಲೆ ಯಾರಿಗಾದರೂ ನಿದ್ದೆ ಬರುತ್ತದೆಯೇ? ಸೂರಿನ ಹಂಚುಗಳನ್ನು ನೋಡುತ್ತ ಪಶ್ಚಾತ್ತಾಪಕ್ಕಾಗಿ ಕಾದ, ನೆಂಟರು ಬರುವುದು ತಡವಾದಾಗ ಕಾಯುವ ಹಾಗೆ. ಬೆರಳಿನ ತುದಿಯಲ್ಲಿ ಮಾತ್ರ ಆ ಮೆತ್ತನೆಯದು ಇನ್ನೂ ಇತ್ತು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಮಾತು ಕೇಳಿಸುತ್ತಿತ್ತು.

‘ಅವ್ವ.’

‘ಊಂ.’

‘ಡಾಲ್ಫಿನ್ ಮಲಗ್ತದೆ ಕಣವ್ವ.’

‘ಏನಂದೆ?’

‘ಮಲಗ್ತದಂತೆ. ವಿಡಿಯೋದಾಗೆ ಹೇಳಿರೋದು ತಪ್ಪಂತೆ. ಇವ್ರೇ ಹೇಳಿದ್ದು, ನಂಗೆ. ನಾಗಮಂಗ್ಲದಲ್ಲಿ.’

ಚಲುವರಾಜು ದಿಂಬಿನಿಂದ ತಲೆಯೆತ್ತಿದ. ಈಗ ಬಯ್ಯುತ್ತಾಳೆ, ನಿದ್ದೆಗೆ ಸೋತು ಸುಳ್ಳು ಹೇಳುತ್ತೀಯಾ ಅನ್ನುತ್ತಾಳೆ, ಆಗ ತಾನು ಎದ್ದು... ಆದರೆ ಬಂದದ್ದು ಅವನು ಆ ಗಂಟಲಿನಿಂದ ಯಾವತ್ತೂ ಕೇಳದ ದನಿ.

‘ದಿಟ್ವಾಗ್ಲೂ ಅಂಗಂದ್ರಾ? ಅಂಗಿದ್ರೆ ಮಲಕ್ಕಳಮ್ಮಿ ನನ್ ಮಗ್ಳೇ. ನಿನ್ ಕಾಯಕ್ಕೆ ನಂಗೇನ್ ಖುಸೀನಾ? ನಂಗೂ ಸೊಂಟ ಬಿದ್ದೋಗದೆ. ನನ್ ಬಾಣ್ತನದಾಗೆ ನಮ್ಮವ್ವ ಕಾದಿದ್ದೂ ಇಂಗೇ, ವಸಿ ಹೊತ್ತು ಆ ಕಡೆ ತಿರುಕ್ಕಳೋಳು, ನಾನ್ ಮಲಗ್ಲಿ ಅಂತ. ಇವ್ರು ಓದ್ದೋರು ಮರಿ ಸತ್ತೋಯ್ತದೆ ಅಂದ್ಮೇಲೆ ನಂಗೆ ದಿಗಿಲಾಗೋಯ್ತು. ಇರು, ಒಂದ್ ಮಾತು ಕೇಳ್ಬುಡ್ತೀನಿ. ಹೂಂ ಅಂದ್ರೆ ಸಾಕು, ಮಲಗೀವಂತೆ. ಕತ್ತಲಾಗೋಗಂಟ ಮಲಗೀವಂತೆ.’

ಬಳೆಗಳ ಸದ್ದು ಎದ್ದು, ಬಾಗಿಲು ದಾಟಿ, ಚಾಪೆಯ ಪಕ್ಕ ಬಂದು ನಿಂತಿತು. ಹಸಿ ಹುಲ್ಲಿನ ವಾಸನೆ ಬಂತು. ಅವನು ಕಣ್ಣು ಮುಚ್ಚಿದ್ದ. ಯಾವಾಗ ಮುಚ್ಚಿದನೆಂದು ತಿಳಿಯಲಿಲ್ಲ.

‘ಅಳಿಯಂದ್ರೇ.’

ಒಂದು ಹೂಂ. ಬಾಯಿ ತೆರೆಯುವುದೂ ಬೇಡ. ಗಂಟಲಿನಲ್ಲೇ ಆಗುವಂಥದ್ದು, ದನವೂ ಮಾಡುವಂಥದ್ದು.

‘ಅಳಿಯಂದ್ರೇ, ಒಂದ್ ಮಾತು.’

ಅವಳು ಬಗ್ಗಿದಳು, ಅವಳ ನೆರಳು ರೆಪ್ಪೆಯ ಮೇಲೆ ತಂಪಾಗಿ ಬಿತ್ತು. ಹೂಂ ಅಂದರೆ ಅವಳು ಮುಂದಿನದನ್ನು ಕೇಳುತ್ತಾಳೆ: ಮತ್ತೆ ಉಣ್ಣುವಾಗ ಅಂಗಂದ್ರಲ್ಲ? ಮತ್ತೆ ಜನಕ್ಕೆಲ್ಲ ಅಂಗಂದ್ರಲ್ಲ? ಕೊಟ್ಟಿಗೆಯಿಂದ ಮೇಷ್ಟ್ರ ನಗು ಕೇಳಿಸುತ್ತಿತ್ತು. ಚಲುವರಾಜು ಉಸಿರನ್ನು ನಿಧಾನವಾಗಿ ಒಳಗೆ ತೆಗೆದುಕೊಂಡ, ನಿಧಾನವಾಗಿ ಬಿಟ್ಟ, ಕೊನೆಯಲ್ಲಿ ಒಂದಿಷ್ಟು ಗೊರಕೆಯ ಎಳೆ ಸೇರಿಸಿದ.

‘ಪಾಪ, ನಿದ್ದೆ ಹೋಗ್ಬುಟ್ಟವ್ರೆ,’ ಎಂದಳು ಬೀರಮ್ಮ, ತನಗೇ. ದುಪ್ಪಟಿಯ ಅಂಚನ್ನು ಅವನ ಪಾದದ ಮೇಲೆ ಎಳೆದಳು. ಬಳೆಗಳು ಹಿಂದಕ್ಕೆ ಹೋದವು. ‘ಮಲಗವ್ರೆ ಕಣಮ್ಮಿ. ಎದ್ಮೇಲೆ ಕೇಳನ. ಅಲ್ಲೀಗಂಟ ಕಣ್ಣ್ ಬುಟ್ಕಂಡಿರು. ನೋಡು, ರೆಪ್ಪೆ ಇಳಿತಾ ಅದೆ. ಮಮ್ತಾ! ಏನಾರ ಮಾತಾಡು.’

‘ಏನ್ ಮಾತಾಡ್ಲಿ?’

‘ಏನಾರ. ಮೆಲ್ಲುಕೆ ಮಾತಾಡು, ಅವ್ರಿಗೆ ಕೇಳಿಸ್ತದೆ.’

ಬೀರಮ್ಮ ಕೋಣೆಯ ಬಾಗಿಲನ್ನು, ಅವನ ನಿದ್ದೆ ಕೆಡದಂತೆ, ಸದ್ದಾಗದ ಹಾಗೆ ಎಳೆದುಕೊಂಡಳು. ಮಾತು ಪಿಸುಪಿಸುವಾಯಿತು. ತಕ್ಷಣ ಏಳುವಂತಿರಲಿಲ್ಲ, ಎದ್ದರೆ ಮಲಗಿರಲಿಲ್ಲವೆಂದು ಗೊತ್ತಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಆಕಳಿಸಿ, ಮೈಮುರಿದು, ಆಮೇಲೆ ಹೇಳಬೇಕು. ಅಲ್ಲಿಯವರೆಗೆ ಯಾರು ಬಾಗಿಲ ಸಂದಿಯಿಂದ ನೋಡಿದರೂ ನಿದ್ದೆಯೆಂದೇ ಕಾಣಬೇಕು. ಅದಕ್ಕಾಗಿ ಅವನು ಮೈಯ ಒಂದೊಂದೇ ಭಾಗವನ್ನು ಸಡಿಲ ಬಿಟ್ಟ, ಮೊದಲು ಕಾಲು, ಆಮೇಲೆ ಭುಜ, ಆಮೇಲೆ ಮಡಿಸಿಕೊಂಡಿದ್ದ ಬೆರಳು. ಉಸಿರನ್ನು ಎಚ್ಚರದಿಂದ ಒಂದರ ಹಿಂದೆ ಒಂದು ಇಟ್ಟ. ನಟನೆ ಬಹಳ ಚೆನ್ನಾಗಿ ಬರುತ್ತಿದೆ ಎಂದುಕೊಂಡ. ಬಾಗಿಲಾಚೆ ಮಮತ ಏನೋ ಹೇಳುತ್ತಿದ್ದಳು, ನಿಲ್ಲಿಸುತ್ತಿದ್ದಳು, ಮತ್ತೆ ಹೇಳಬೇಕಾಗುತ್ತಿತ್ತು. ಅದು ತನ್ನ ಹೆಸರೇನೋ ಎಂದು ಕಿವಿಗೊಟ್ಟ. ಗೊತ್ತಾಗುವ ಮೊದಲೇ ಅವನಿಗೆ ಒಳ್ಳೆಯ ನಿದ್ದೆ ಬಂದಿತ್ತು.